ಧನಪತಿ ಮೆಲನ್ನನ ಚಿತ್ರದಾನ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ, ಶಾಸನಸಭಾಭವನಕ್ಕೆ ಅನತಿದೂರದಲ್ಲಿ, ನಸುಗೆಂಪು ಅಮೃತಶಿಲೆಯ ವಿಶಾಲವಾದ ಮಂದಿರವೊಂದಿದೆ. ಅದು ಆ ದೇಶದ ರಾಷ್ಟ್ರೀಯ ಚಿತ್ರಶಾಲೆ. ಯುರೋಪು ಖಂಡದ ಮಹಾಚಿತ್ರಕಾರರು ಆರೇಳು ಶತಮಾನಗಳಲ್ಲಿ ಬರೆದ ಕೃತಿಗಳು ಅಲ್ಲಿ ಸಾಲುಸಾಲಾಗಿ ತೂಗುತ್ತಿವೆ. ಅವುಗಳನ್ನು ನೋಡಲು ಯಾರೂ ಒಂದು ಕಾಸನ್ನೂ ತೆರಬೇಕಾಗಿಲ್ಲ. ಈ ಮಂದಿರವನ್ನು ಕಟ್ಟಿಸಿ, ತನ್ನ ಚಿತ್ರಗಳನ್ನೆಲ್ಲ ಅದರೊಳಗಿರಿಸಿ, ರಾಷ್ಟ್ರಕ್ಕೆ ಒಪ್ಪಿಸಿಕೊಟ್ಟವನು ಆಂಡ್ರ್ಯೂ ಮೆಲನ್ನನೆಂಬ ಕೋಟ್ಯಧೀಶನು. ಆದರೆ ದಾನವನ್ನು ಕೊಡುತ್ತಿದ್ದ ಸಮಯದಲ್ಲಿಯೇ, ಅದನ್ನು ಸ್ವೀಕರಿಸುತ್ತಿದ್ದ ಸರ್ಕಾರವು ಆತನ ಮೇಲೆ ತೆರಿಗೆಯ ವಂಚನೆಯ ಆಪಾದನೆಯನ್ನು ಹೊರಿಸಿ ವಿಚಾರಣೆ ನಡೆಸುತ್ತಿದ್ದಿತು. ದಾನಿಯೆಂದು ಕೊಂಡಾಡಿದವರೂ, ದಂಡದಿಂದ ಪಾರಾಗಲು ದಾನದ ಮರೆಹೊಕ್ಕನೆಂದು ಜರೆದವರೂ ಅಂದು ಉಂಟು, ಇಂದೂ ಉಂಟು. ಆತನ ಜೀವನವೃತ್ತಾಂತವನ್ನು ಮೊದಲಿನಿಂದ ನೋಡಿದ ಹೊರತು ಈ ವಾದವನ್ನು ತೀರ್ಮಾನಿಸುವಂತಿಲ್ಲ.

ಮೆಲನ್ನನು 1855ನೆಯ ಮಾರ್ಚ್ 24ರಂದು ಪೆನ್ಸಿಲ್ವೇನಿಯಾ ಪ್ರಾಂತದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದನು. ತಂದೆ ತಾಮಸ್ ಮೆಲನ್ ಐದು ವರ್ಷದ ಬಾಲಕನಾಗಿದ್ದಾಗ ಐರ್ಲೆಂಡಿನಿಂದ ವಲಸೆ ಬಂದ ಬಡ ಒಕ್ಕಲಿನ ಮನೆಯವನು. ಸ್ವಂತ ಪರಿಶ್ರಮದಿಂದ ಓದಿ ವಕೀಲನಾಗಿ, ನ್ಯಾಯಾಧೀಶನಾಗಿ, ಕೊನೆಗೆ ಬ್ಯಾಂಕನ್ನು ಸ್ಥಾಪಿಸಿದವನು. ದುಂದುವೆಚ್ಚವೆಂದರೆ ಆ ಮನೆಯಲ್ಲಿ ಮಹಾಪಾತಕ. ಮಕ್ಕಳೊಳಗೆ ಆಂಡ್ರ್ಯೂವಿನ ವ್ಯವಹಾರಬುದ್ಧಿಯನ್ನು ಕಂಡ ತಂದೆಯು 1882ರಲ್ಲಿ, ಮಗನಿಗೆ ಇನ್ನೂ 27 ವರ್ಷವಾಗಿದ್ದಾಗಲೇ, ಬ್ಯಾಂಕಿನ ಆಡಳಿತವನ್ನು ಆತನ ಕೈಗೊಪ್ಪಿಸಿದನು.

ಪಿಟ್ಸ್‌ಬರ್ಗ್ ಆಗ ಕಲ್ಲಿದ್ದಲಿನ ಮತ್ತು ಉಕ್ಕಿನ ಊರು. ಕುಲುಮೆಗಳ ಹೊಗೆಯಿಂದ ನಡುಹಗಲಿನಲ್ಲಿಯೂ ಬೀದಿಯ ದೀಪಗಳನ್ನು ಹಚ್ಚಬೇಕಾಗುತ್ತಿದ್ದಿತು. ಇಂತಹ ಊರಿನಲ್ಲಿ ಬ್ಯಾಂಕಿನವನಿಗೆ ಸಾಲ ಕೇಳುವವರು ಕಡಮೆಯಾಗುವುದಿಲ್ಲ. ಆದರೆ ಮೆಲನ್ನನ ರೀತಿಯು ಉಳಿದ ಸಾಹುಕಾರರ ರೀತಿಯಂತಲ್ಲ. ಸಾಲ ಕೊಟ್ಟು ಬಡ್ಡಿ ಎಣಿಸುತ್ತ ಕುಳಿತಿರುವುದಕ್ಕೆ ಬದಲಾಗಿ, ಆತನು ಉದ್ಯಮದಲ್ಲಿ ಪಾಲನ್ನು ಪಡೆದು, ಅದರೊಡನೆ ತಾನೂ ಬೆಳೆಯುತ್ತಿದ್ದನು. 1886ರಲ್ಲಿ ಚಾರ್ಲ್ಸ್ ಹಾಲ್ ಎಂಬ ತರುಣನು ವಿದ್ಯುತ್ತಿನ ಬಲದಿಂದ ಅಲ್ಯೂಮಿನಿಯಮ್ಮನ್ನು ಸುಲಭಬೆಲೆಗೆ ತೆಗೆಯುವ ಉಪಾಯವನ್ನು ಕಂಡುಹಿಡಿದನಷ್ಟೆ. ಅವನ ಹೊಸ ಕಂಪೆನಿಗೆ ಹಣದ ಮುಗ್ಗಟ್ಟು ಬಂದಾಗ ಪ್ರವರ್ತಕರು ಮೆಲನ್ನನಲ್ಲಿ 4,000 ಡಾಲರು ಸಾಲ ಬೇಡಲು ಹೋದರು. ಆತನು ಲೆಕ್ಕ ನೋಡಿ, ಅಷ್ಟು ಸಾಲದೆಂದು ಹೇಳಿ, 25,000 ಡಾಲರುಗಳ ಸಾಲವನ್ನು ಒದಗಿಸಿಕೊಟ್ಟನು. ನಮ್ಮ ಅಡಿಗೆಮನೆಗಳಲ್ಲಿ ತಾಮ್ರ ಹಿತ್ತಾಳೆಗಳನ್ನು ಮೂಲೆಗೊತ್ತಿದ ಆ ಬಿಳಿಯ ಲೋಹದ ಅಮೆರಿಕನ್ ಉದ್ಯಮವು ಮೆಲನ್ ಮನೆತನದ ಭಂಡಾರವಾದುದು ಹೀಗೆ. ಟೆಕ್ಸಾಸಿನಲ್ಲಿ 1901ರಲ್ಲಿ ಕಲ್ಲೆಣ್ಣೆಯು ಚಿಮ್ಮಿದಾಗ ಅಲ್ಲಿಯೂ ಆತನ ಹಣವಿದ್ದಿತು. ಗಲ್ಫ್ ಎಣ್ಣೆಯ ಕಂಪೆನಿಯು ಅದರ ಫಲ.

ಈ ಐಶ್ವರ್ಯದ ಬುಡದಲ್ಲಿ ಗಣಿಯ ಕೂಲಿಗಳಿದ್ದರೆಂಬುದನ್ನು ಮರೆಯಲಾಗದು. ಮೆಲನ್ನರ ಪ್ರಾಬಲ್ಯವಿದ್ದ ಪಿಟ್ಸ್‌ಬರ್ಗ್ ಕಲ್ಲಿದ್ದಲಿನ ಕಂಪೆನಿಯು 1925ರಲ್ಲಿ ಕಾರ್ಮಿಕ ಸಂಘದೊಡನೆ ಮಾಡಿಕೊಂಡಿದ್ದ ಕೂಲಿಯ ಒಪ್ಪಂದವನ್ನು ಮುರಿಯಿತು. ಮುಷ್ಕರ ಹೂಡಿದ ಗಣಿಗಾರರ ಕುಟುಂಬಗಳನ್ನು ಕಂಪೆನಿಯ ಮನೆಗಳಿಂದ ಹೊರಹಾಕಲಾಯಿತು. ಆಗ ಆಂಡ್ರ್ಯೂ ಮೆಲನ್ನನು ವಾಷಿಂಗ್ಟನ್ನಿನಲ್ಲಿ ಮಂತ್ರಿಪದವಿಯಲ್ಲಿದ್ದನು; ಗಣಿಯ ವ್ಯವಹಾರಗಳಿಂದ ತಾನು ದೂರನಾದೆನೆಂಬುದು ಆತನ ಸಮಾಧಾನ. ಆ ಸಮಾಧಾನವು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ವಾಚಕರೇ ತೂಗಿ ನೋಡಬಹುದು.

ಚಿತ್ರಗಳ ಗೀಳನ್ನು ಆತನಿಗೆ ಹಚ್ಚಿದವನು ಹೆನ್ರಿ ಕ್ಲೇ ಫ್ರಿಕ್. ಈ ಫ್ರಿಕ್ಕನು ತಾಮಸ್ ಮೆಲನ್ನನ ಬ್ಯಾಂಕಿನಿಂದ ಸಾಲ ಪಡೆದು ಕೋಕಿನ ಭಟ್ಟಿಗಳನ್ನು ಕಟ್ಟಿ ಶ್ರೀಮಂತನಾದವನು. 1892ರಲ್ಲಿ ಹೋಮ್‌ಸ್ಟೆಡ್ಡಿನ ಉಕ್ಕಿನ ಕಾರ್ಖಾನೆಯ ಮುಷ್ಕರವನ್ನು ಆಯುಧಬಲದಿಂದ ಮುರಿದು ಕುಖ್ಯಾತನಾದವನೂ ಈತನೇ. 1880ರಲ್ಲಿ ಸ್ನೇಹಿತರಿಬ್ಬರೂ ಕೂಡಿ ಯುರೋಪಿನ ಪ್ರವಾಸ ಮಾಡಿದರು. ಲಂಡನ್, ಪ್ಯಾರಿಸ್ ನಗರಗಳ ಚಿತ್ರಶಾಲೆಗಳು ಪಿಟ್ಸ್‌ಬರ್ಗಿನ ಹೊಗೆಯಲ್ಲಿ ಬೆಳೆದ ಕಣ್ಣುಗಳಿಗೆ ಹೊಸ ಲೋಕವನ್ನೇ ತೆರೆದವು. ಮುಂದೆ ಮೆಲನ್ನನು ನ್ಯೂಯಾರ್ಕಿನ ನೋಡ್ಲರ್ ಎಂಬ ಚಿತ್ರವ್ಯಾಪಾರಿಗಳ ಅಂಗಡಿಯಿಂದ ಸಾಧಾರಣ ಬೆಲೆಯ ಸೌಮ್ಯವಾದ ನಿಸರ್ಗಚಿತ್ರಗಳನ್ನು ಕೊಳ್ಳತೊಡಗಿದನು. ಒಂದು ಚಿತ್ರವನ್ನು ಮನೆಗೆ ತರಿಸಿ, ಕೆಲವು ದಿನ ಗೋಡೆಯ ಮೇಲಿರಿಸಿ, ಅದರೊಡನೆ ಬಾಳಿ ನೋಡಿ, ಒಗ್ಗದಿದ್ದರೆ ಹಿಂದಿರುಗಿಸುವುದು ಆತನ ಪದ್ಧತಿ.

ಆತನು ಕೃಶಕಾಯನು, ಮೃದುಭಾಷಿ, ಸಂಕೋಚದ ಸ್ವಭಾವದವನು. ಬೆರಳ ನಡುವೆ ಸಣ್ಣ ಕರಿಯ ಚುಟ್ಟವೊಂದು ಸದಾ ಇರುತ್ತಿದ್ದಿತು. ನಲವತ್ತೈದನೆಯ ವಯಸ್ಸಿನಲ್ಲಿ, 1900ರಲ್ಲಿ, ನೋರಾ ಮೆಕ್‌ಮಲನ್ ಎಂಬ ಇಂಗ್ಲೆಂಡಿನ ತರುಣಿಯನ್ನು ವರಿಸಿದನು. ಈಕೆಗೆ ಪಿಟ್ಸ್‌ಬರ್ಗಿನ ಹೊಗೆಯೂ ಹಿಡಿಸಲಿಲ್ಲ, ಗಂಡನ ಮೌನವೂ ಹಿಡಿಸಲಿಲ್ಲ. ಐಲ್ಸಾ ಎಂಬ ಮಗಳೂ ಪಾಲ್ ಎಂಬ ಮಗನೂ ಹುಟ್ಟಿದ ಮೇಲೆ, ಪತ್ರಿಕೆಗಳಿಗೆಲ್ಲ ಆಹಾರವಾದ ದೀರ್ಘ ವ್ಯಾಜ್ಯದ ಕೊನೆಯಲ್ಲಿ, 1912ರಲ್ಲಿ ವಿವಾಹವಿಚ್ಛೇದನವಾಯಿತು. ಆ ಬಳಿಕ ಆತನು ಮದುವೆಯ ಮಾತೆತ್ತಲಿಲ್ಲ. ಜನರೊಡನೆ ಮಾತನಾಡಲಾರದವನಿಗೆ ಗೋಡೆಯ ಮೇಲಿನ ಮುಖಗಳು ಒಳ್ಳೆಯ ಸಂಗಾತಿಗಳಾದವೆಂದರೆ ಅತಿಶಯೋಕ್ತಿಯಾಗದು.

ಅಮೆರಿಕದ ಧನಿಕರು ಯುರೋಪಿನ ಚಿತ್ರಗಳಿಗೆ ಮುಗಿಬಿದ್ದ ಕಾಲವದು. ಬ್ಯಾಂಕರನಾದ ಮಾರ್ಗನ್, ಬಾಸ್ಟನ್ನಿನ ಇಸಬೆಲಾ ಗಾರ್ಡ್ನರ್ ಎಂಬ ಮಹಿಳೆ, ಟ್ರಾಮಿನ ಬಂಡಿಗಳಿಂದ ಹಣ ಗಳಿಸಿದ ಫಿಲಡೆಲ್ಫಿಯಾದ ವೈಡನರ್ ಮನೆತನ, ಇವರೆಲ್ಲ ಒಬ್ಬರನ್ನೊಬ್ಬರು ಮೀರಿಸಿ ಕೊಳ್ಳುತ್ತಿದ್ದರು. ಚಿತ್ರಗಳು ಅತ್ತಣಿಂದ ಇತ್ತ ಹರಿದುದಕ್ಕೆ ಕಾರಣವು ಸರಳವಾಗಿದೆ. ಅಮೆರಿಕದ ಗೋಧಿಯು ಅಗ್ಗವಾಗಿ ಬಂದಿಳಿಯಲು ಇಂಗ್ಲೆಂಡಿನ ಜಮೀನ್ದಾರರ ಗೇಣಿಯ ಉತ್ಪನ್ನವು ಕುಗ್ಗಿತು. ಅದರ ಮೇಲೆ 1894ರಲ್ಲಿ ಮರಣಾನಂತರ ಆಸ್ತಿಯ ಮೇಲೆ ಹೊಸ ಕರವೂ ಬಿದ್ದಿತು. ಅಜ್ಜ ಮುತ್ತಜ್ಜಂದಿರು ಇಟಲಿಯಿಂದ ತಂದಿದ್ದ ಚಿತ್ರಗಳನ್ನು ಮಾರದೆ ಗತಿಯಿರಲಿಲ್ಲ. ಅಮೆರಿಕದಲ್ಲಿ ಹಳೆಯ ಕಲಾಕೃತಿಗಳ ಮೇಲಿದ್ದ ಆಮದು ಸುಂಕವನ್ನು 1909ರಲ್ಲಿ ತೆಗೆದುಹಾಕಲಾಗಿ ಪ್ರವಾಹದ ಕಟ್ಟೆಯೊಡೆದಂತಾಯಿತು. ಈ ಎರಡು ದಡಗಳ ನಡುವೆ ದೋಣಿ ನಡೆಸಿದವನು ಜೋಸೆಫ್ ಡುವೀನ್ ಎಂಬ ಇಂಗ್ಲಿಷ್ ವ್ಯಾಪಾರಿ. ಬೆಲೆ ಹೆಚ್ಚಾದಷ್ಟೂ ಧನಿಕನಿಗೆ ಆಸೆ ಹೆಚ್ಚುವುದೆಂಬ ತತ್ತ್ವವನ್ನು ಆತನಂತೆ ತಿಳಿದವರು ವಿರಳ.

1921ರಲ್ಲಿ ಅಧ್ಯಕ್ಷ ಹಾರ್ಡಿಂಗನು ಮೆಲನ್ನನನ್ನು ಅರ್ಥಸಚಿವನನ್ನಾಗಿ ನೇಮಿಸಿದನು. ಹಾರ್ಡಿಂಗ್, ಕೂಲಿಡ್ಜ್, ಹೂವರ್ ಎಂಬ ಮೂವರು ಅಧ್ಯಕ್ಷರ ಕೈಕೆಳಗೆ ಸುಮಾರು 11 ವರ್ಷ ಆತನು ಖಜಾನೆಯ ಬೀಗದ ಕೈಯನ್ನು ಹಿಡಿದಿದ್ದನು. ಯುದ್ಧದಿಂದ ಬೆಳೆದಿದ್ದ ರಾಷ್ಟ್ರಸಾಲವನ್ನು ಸುಮಾರು 2,400 ಕೋಟಿ ಡಾಲರುಗಳಿಂದ 1,600 ಕೋಟಿಗೆ ಇಳಿಸಿದನು. ದೊಡ್ಡ ವರಮಾನಗಳ ಮೇಲಣ ತೆರಿಗೆಯು ನೂರಕ್ಕೆ 73ರವರೆಗೂ ಇದ್ದುದನ್ನು 25ಕ್ಕೆ ಇಳಿಸಿದುದೂ ಆತನ ಕಾಲದಲ್ಲಿಯೇ. ಇದರಿಂದ ಉದ್ಯಮಗಳು ಚಿಗುರಿದವೆಂದು ಹೊಗಳಿದವರಿಗೆ ಲೆಕ್ಕವಿಲ್ಲ. ಆದರೆ ದೇಶದಲ್ಲಿ ಅತ್ಯಧಿಕ ತೆರಿಗೆ ಕೊಡುತ್ತಿದ್ದ ನಾಲ್ಕೈದು ಮಂದಿಯಲ್ಲಿ ಸಚಿವನೂ ಒಬ್ಬನಾಗಿದ್ದುದರಿಂದ, ತೆರಿಗೆಯ ಇಳಿತವು ಮೊದಲು ತಂಪೆರೆದುದು ಯಾರ ಮನೆಗೆಂಬ ಪ್ರಶ್ನೆಯನ್ನು ಎತ್ತಿದವರೂ ಇದ್ದರು. ಆ ಪ್ರಶ್ನೆಯು ನ್ಯಾಯವಾದುದೇ ಸರಿ.

ಈ ಅವಧಿಯಲ್ಲಿ ಆತನ ಸಂಗ್ರಹವು ಬೇರೊಂದು ಮಟ್ಟಕ್ಕೇರಿತು. ರೆಂಬ್ರಾಂಟ್, ಹಾಲ್ಸ್, ಗೋಯಾ, ಗೇನ್ಸ್‌ಬರೋ ಇವರ ಕೃತಿಗಳು ಒಂದೊಂದಾಗಿ ಬಂದವು. ಡಚ್ ಚಿತ್ರಕಾರನಾದ ವರ್ಮೀರನ ಕೆಂಪು ಟೊಪ್ಪಿಗೆಯ ಹುಡುಗಿಯನ್ನು 1925ರಲ್ಲಿ ಕೊಂಡನು. ಅಂಗೈಯಗಲದ ಹಲಗೆಯ ಮೇಲಣ ಆ ಚಿತ್ರದ ಬೆಳಕು ಇಂದಿಗೂ ನೋಡುವವರನ್ನು ತಡೆದು ನಿಲ್ಲಿಸುತ್ತದೆ. ಆದರೆ ಅದೇ ವರ್ಮೀರನ ಹೆಸರಿನಲ್ಲಿ ಡುವೀನನ ಮೂಲಕ ಬಂದ ಇನ್ನೆರಡು ಚಿತ್ರಗಳು, ನಗುವ ಹುಡುಗಿ ಮತ್ತು ಕಸೂತಿಯ ಹೆಣ್ಣು, ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಬರೆದ ಖೋಟಾ ಕೃತಿಗಳೆಂದು ತರುವಾಯ ತಿಳಿದುಬಂದಿತು. ದುಗ್ಗಾಣಿಯ ಲೆಕ್ಕವನ್ನೂ ತಪ್ಪದ ಬ್ಯಾಂಕರನು ಇಲ್ಲಿ ಮೋಸಹೋದನು. ಅಂದಿನ ಪಂಡಿತರು ಅವು ನಿಜವೆಂದು ಸಾಕ್ಷಿ ಹೇಳಿದ್ದುದರಿಂದ, ಪಾಪ, ಆತನೊಬ್ಬನನ್ನೇ ನಗುವಂತಿಲ್ಲ.

ಇನ್ನು ಆತನ ಚರಿತ್ರೆಯಲ್ಲಿ ಅತ್ಯಂತ ವಿಚಿತ್ರವಾದ ಅಧ್ಯಾಯಕ್ಕೆ ಬರೋಣ. ರಷ್ಯಾದ ಮಹಾರಾಣಿ ಕ್ಯಾಥರೀನಳು ಹದಿನೆಂಟನೆಯ ಶತಮಾನದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ತನ್ನ ಅರಮನೆಯಲ್ಲಿ ಹರ್ಮಿಟೇಜ್ ಎಂಬ ಚಿತ್ರಶಾಲೆಯನ್ನು ತುಂಬಿದಳು. ಪ್ಯಾರಿಸಿನ ಧನಿಕನಾದ ಕ್ರೋಜಾನ ಸಂಗ್ರಹವನ್ನು 1772ರಲ್ಲಿಯೂ, ಇಂಗ್ಲೆಂಡಿನ ಪ್ರಧಾನಿಯಾಗಿದ್ದ ವಾಲ್ಪೋಲನ ಸಂಗ್ರಹವನ್ನು 1779ರಲ್ಲಿಯೂ ಆಕೆ ಸಗಟಾಗಿ ಕೊಂಡಳು. ಅಜ್ಜ ಗಳಿಸಿದುದನ್ನು ಮೊಮ್ಮಗನು ಸಾಲಕ್ಕಾಗಿ ಮಾರಿದಾಗ ಇಂಗ್ಲೆಂಡಿನಲ್ಲಿ ಎದ್ದ ಕೂಗನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಕೆಯ ಅನಂತರದ ಚಕ್ರವರ್ತಿಗಳೂ ಅದೇ ಹಾದಿಯಲ್ಲಿ ನಡೆದರು. ಸ್ಪೇನಿನ ಆಲ್ಬಾ ಮನೆತನದಲ್ಲಿದ್ದ ರಾಫೇಲನ ಮಾತೃಚಿತ್ರವನ್ನು 1836ರಲ್ಲಿ ಒಂದನೆಯ ನಿಕೊಲಾಸನು ಪಡೆದನು. ಟಿಷಿಯನ್ನನ ಕನ್ನಡಿಯ ಮುಂದಣ ವೀನಸ್ ದೇವತೆಯು 1850ರಲ್ಲಿ ವೆನಿಸ್ಸಿನಿಂದ ಹೊರಟು ನೆವಾ ನದಿಯ ದಡ ಸೇರಿದಳು.

1917ರ ಕ್ರಾಂತಿಯಿಂದ ಇವೆಲ್ಲ ಪ್ರಜೆಗಳ ಸ್ವತ್ತಾದವು. ಆದರೆ 1928ರಲ್ಲಿ ಪಂಚವಾರ್ಷಿಕ ಯೋಜನೆಯನ್ನು ಕೈಕೊಂಡ ಸೋವಿಯೆಟ್ ಸರ್ಕಾರಕ್ಕೆ ಯಂತ್ರಗಳನ್ನು ಕೊಳ್ಳಲು ವಿದೇಶೀ ನಾಣ್ಯವು ಬೇಕಾಯಿತು. ಧಾನ್ಯವನ್ನೂ ಮರವನ್ನೂ ಮಾರಿದಂತೆ ಚಿತ್ರಗಳನ್ನೂ ಮಾರಲು ಅದು ನಿಶ್ಚಯಿಸಿತು. ಹರ್ಮಿಟೇಜಿನ ವಿದ್ವಾಂಸರಿಗೆ ಇದು ಹೊಟ್ಟೆಯಲ್ಲಿ ಕತ್ತಿಯಾಡಿಸಿದಂತಾದರೂ ಮೇಲಿನ ಅಪ್ಪಣೆಯನ್ನು ಮೀರುವಂತಿರಲಿಲ್ಲ. ಬರ್ಲಿನ್ನಿನ ಮಾತಿಸೆನ್, ಲಂಡನ್ನಿನ ಕೋಲ್ನಾಗಿ, ನ್ಯೂಯಾರ್ಕಿನ ನೋಡ್ಲರ್, ಈ ಮೂರು ವ್ಯಾಪಾರಸಂಸ್ಥೆಗಳು ಕೂಡಿ ಮಾತುಕತೆ ನಡೆಸಿದವು. ಹಣ ಕೊಟ್ಟವನು ಮೆಲನ್. 1930 ಮತ್ತು 1931ರಲ್ಲಿ ಒಟ್ಟು 21 ಚಿತ್ರಗಳು ಆತನ ವಶವಾದವು. ತೆತ್ತ ಹಣ 66 ಲಕ್ಷ ಡಾಲರುಗಳಿಗೂ ಮಿಗಿಲು. ವ್ಯಾನ್ ಐಕನು ಬರೆದ ದೇವದೂತನ ಆಗಮನ, ಬಾಟಿಚೆಲಿಯ ಜ್ಞಾನಿಗಳ ಪೂಜೆ, ರಾಫೇಲನ ಸಂತ ಜಾರ್ಜ್ ಮುಂತಾದುವೆಲ್ಲ ಇದರಲ್ಲಿದ್ದವು. ಆಲ್ಬಾ ಮನೆತನದ ಮಾತೃಚಿತ್ರವೊಂದಕ್ಕೇ 11,66,400 ಡಾಲರು ಸಂದಿತು; ಅಲ್ಲಿಯವರೆಗೆ ಯಾವ ಚಿತ್ರಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ. ಅದು ದುಂಡಾದ ಚಿತ್ರ. ತಾಯಿಯೂ ಇಬ್ಬರು ಶಿಶುಗಳೂ ಬಯಲಿನ ಹುಲ್ಲಿನ ಮೇಲೆ ಕುಳಿತಿದ್ದಾರೆ; ಮೂವರ ದೃಷ್ಟಿಯೂ ಒಂದು ಸಣ್ಣ ಕಡ್ಡಿಯ ಶಿಲುಬೆಯ ಮೇಲೆ ನೆಟ್ಟಿದೆ.

ಈ ವ್ಯಾಪಾರವು ನಡೆದ ಸಂದರ್ಭವನ್ನು ಗಮನಿಸಬೇಕು. ಸೋವಿಯೆಟ್ ಸರ್ಕಾರಕ್ಕೆ ಅಮೆರಿಕವು ಆಗಿನ್ನೂ ಮನ್ನಣೆಯನ್ನೇ ಕೊಟ್ಟಿರಲಿಲ್ಲ. ಅದು ದೊರೆತುದು 1933ರಲ್ಲಿ. ಮನ್ನಣೆಯಿಲ್ಲದ ಸರ್ಕಾರದಿಂದ, ಮನ್ನಣೆ ಕೊಡದ ಸರ್ಕಾರದ ಅರ್ಥಸಚಿವನು, ಮೂರನೆಯವರ ಕೈಯಿಂದ ಗುಟ್ಟಾಗಿ ಸರಕನ್ನು ಕೊಳ್ಳುತ್ತಿದ್ದನು. ಪತ್ರಿಕೆಗಳಲ್ಲಿ ವದಂತಿ ಹಬ್ಬಿದಾಗ ಅದನ್ನು ಅಲ್ಲಗಳೆಯಲಾಯಿತು. ಮತ್ತು ಅದೇ ತಿಂಗಳುಗಳಲ್ಲಿ ಅಮೆರಿಕದ ಬ್ಯಾಂಕುಗಳು ಒಂದರ ಮೇಲೊಂದು ಬಾಗಿಲು ಹಾಕುತ್ತಿದ್ದವು, ಲಕ್ಷಾಂತರ ಜನರು ಕೆಲಸವಿಲ್ಲದೆ ಅನ್ನದ ಸಾಲುಗಳಲ್ಲಿ ನಿಂತಿದ್ದರು. ಕುಸಿಯುವುದು ಕುಸಿದು ತಾನಾಗಿ ಸರಿಹೋಗಲಿ ಎಂಬುದೇ ಆಗ ಮೆಲನ್ನನ ಸಲಹೆಯಾಗಿದ್ದಿತೆಂದು ಹೂವರನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ರಷ್ಯಾದಲ್ಲಿ ಹಸಿವು, ಅಮೆರಿಕದಲ್ಲಿ ಹಸಿವು. ಇವೆರಡರ ನಡುವೆ ರಾಫೇಲನ ತಾಯಿಯು ಸಮುದ್ರವನ್ನು ದಾಟಿದಳು. ಯೋಜನೆಯ ಬೃಹತ್ ಅಗತ್ಯಗಳಿಗೆ ಹೋಲಿಸಿದರೆ ಸೋವಿಯೆಟ್ಟರಿಗೆ ದೊರೆತ ಹಣವು ಅಲ್ಪವೇ ಸರಿ. ಕಳೆದುಕೊಂಡುದನ್ನು ಮರಳಿ ಪಡೆಯುವ ಬಗೆಯಂತೂ ಅವರಿಗಿಲ್ಲ.

ಜನರ ಕೋಪವು ಸಚಿವನನ್ನು ಮುಟ್ಟದೆ ಬಿಡಲಿಲ್ಲ. 1932ರ ಜನವರಿಯಲ್ಲಿ ಪ್ಯಾಟ್ಮನ್ ಎಂಬ ಸದಸ್ಯನು ಶಾಸನಸಭೆಯಲ್ಲಿ ಆತನ ಮೇಲೆ ಮಹಾಭಿಯೋಗವನ್ನು ಹೂಡಿದನು. ಖಜಾನೆಯ ಅಧಿಕಾರಿಯು ವ್ಯಾಪಾರದಲ್ಲಿ ಹಿತಾಸಕ್ತಿಯನ್ನು ಇಟ್ಟುಕೊಳ್ಳಬಾರದೆಂಬ ಹಳೆಯ ಕಾನೂನನ್ನು ಆತನು ಮುರಿದನೆಂಬುದು ಆಪಾದನೆ. ಹೂವರನು ಆತನನ್ನು ಲಂಡನ್ನಿಗೆ ರಾಯಭಾರಿಯನ್ನಾಗಿ ಕಳುಹಿಸಿ ಪ್ರಕರಣವನ್ನು ಮುಗಿಸಿದನು. ಮರುವರ್ಷ ರೂಸ್‌ವೆಲ್ಟನು ಅಧಿಕಾರಕ್ಕೆ ಬರಲು ಹೊಸ ಸರ್ಕಾರವು ಮೆಲನ್ನನ 1931ನೆಯ ವರ್ಷದ ತೆರಿಗೆಯ ಲೆಕ್ಕವನ್ನು ಬಿಚ್ಚಿತು. 1934ರಲ್ಲಿ ಪಿಟ್ಸ್‌ಬರ್ಗಿನ ಜ್ಯೂರಿಯು ಕ್ರಿಮಿನಲ್ ಮೊಕದ್ದಮೆಗೆ ಆಧಾರವಿಲ್ಲವೆಂದು ನಿರಾಕರಿಸಿತು. ಆದರೂ ಬಿಡದೆ, ದಂಡವನ್ನೂ ಕೂಡಿಸಿ 30 ಲಕ್ಷ ಡಾಲರುಗಳಿಗೂ ಮಿಗಿಲಾದ ಹಣವನ್ನು ಕೇಳಿ ತೆರಿಗೆಯ ಮೇಲ್ಮನವಿಯ ಮಂಡಳಿಯ ಮುಂದೆ ಸರ್ಕಾರವು ವ್ಯಾಜ್ಯವನ್ನು ಹೂಡಿತು. ಸರ್ಕಾರದ ಪರ ವಾದಿಸಿದವನು ರಾಬರ್ಟ್ ಜ್ಯಾಕ್ಸನ್. ಮುಂದೆ ನ್ಯೂರೆಂಬರ್ಗಿನಲ್ಲಿ ನಾಟ್ಸಿ ನಾಯಕರ ವಿಚಾರಣೆಯನ್ನು ನಡೆಸಿದವನೂ ಈತನೇ.

ವ್ಯಾಜ್ಯದ ನಡುವಿಗೆ ಚಿತ್ರಗಳೇ ಬಂದವು. 1930ರ ಡಿಸೆಂಬರಿನಲ್ಲಿ ಮೆಲನ್ನನು ಒಂದು ಧರ್ಮದತ್ತಿಯ ಟ್ರಸ್ಟನ್ನು ಸ್ಥಾಪಿಸಿ, ಮರುವರ್ಷ ಹರ್ಮಿಟೇಜಿನ ಐದು ಚಿತ್ರಗಳನ್ನು ಅದಕ್ಕೆ ಬರೆದುಕೊಟ್ಟು, ಅವುಗಳ ಬೆಲೆಯನ್ನು ತನ್ನ ವರಮಾನದಲ್ಲಿ ಕಳೆದು ತೋರಿಸಿದ್ದನು. ಟ್ರಸ್ಟಿನ ಯಜಮಾನನು ತಾನೇ. ಚಿತ್ರಗಳು ವಾಷಿಂಗ್ಟನ್ನಿನ ಕಾರ್ಕರನ್ ಚಿತ್ರಶಾಲೆಯ ಕೋಣೆಯೊಂದರಲ್ಲಿ ಬೀಗದೊಳಗೆ ಬಿದ್ದಿದ್ದವು. ಸಾರ್ವಜನಿಕರಲ್ಲಿ ಒಬ್ಬನೂ ಅವುಗಳನ್ನು ಕಂಡಿರಲಿಲ್ಲ. ಇದೆಂತಹ ದಾನವೆಂದು ಸರ್ಕಾರವು ಕೇಳಿತು. ರಾಷ್ಟ್ರೀಯ ಚಿತ್ರಶಾಲೆಯೊಂದನ್ನು ಕಟ್ಟಬೇಕೆಂಬ ಸಂಕಲ್ಪವು ತನಗೆ ಮೊದಲಿನಿಂದಲೂ ಇದ್ದಿತೆಂದು ಮೆಲನ್ನನು ಉತ್ತರಕೊಟ್ಟನು. ಎಂಬತ್ತು ವರ್ಷದ ವೃದ್ಧನು 1935ರಲ್ಲಿ ದಿನಗಟ್ಟಲೆ ಸಾಕ್ಷಿಯ ಕಟ್ಟೆಯಲ್ಲಿ ಕುಳಿತು, ತಗ್ಗಿದ ದನಿಯಲ್ಲಿ ಪ್ರಶ್ನೆಗಳಿಗೆ ಉತ್ತರಿಸಿದನು. ಹರ್ಮಿಟೇಜಿನ ಗುಟ್ಟು ಲೋಕಕ್ಕೆ ನಿಶ್ಚಿತವಾಗಿ ತಿಳಿದುದು ಈ ವಿಚಾರಣೆಯಿಂದಲೇ.

ವಿಚಾರಣೆಯ ತೀರ್ಪು ಇನ್ನೂ ಬರುವುದಕ್ಕಿದ್ದಾಗ ಡುವೀನನು ತನ್ನ ಜೀವಮಾನದ ದೊಡ್ಡ ವ್ಯಾಪಾರವನ್ನು ಮಾಡಿದನು. ವಾಷಿಂಗ್ಟನ್ನಿನಲ್ಲಿ ಮೆಲನ್ನನು ವಾಸವಾಗಿದ್ದ ಮನೆಯ ಕೆಳಗಣ ಅಂತಸ್ತನ್ನು ಆತನು ಬಾಡಿಗೆಗೆ ಹಿಡಿದು, ಚಿತ್ರಗಳಿಂದಲೂ ಪ್ರತಿಮೆಗಳಿಂದಲೂ ತುಂಬಿ, ಬೀಗದ ಕೈಯನ್ನು ಮುದುಕನಿಗೊಪ್ಪಿಸಿ ಹೊರಟುಹೋದನೆಂದು ಹೇಳುತ್ತಾರೆ. ಮೆಲನ್ನನು ರಾತ್ರಿಯ ಉಡುಪಿನಲ್ಲಿಯೇ ಕೆಳಗಿಳಿದು ಹೋಗಿ ಅವುಗಳ ನಡುವೆ ಕುಳಿತಿರುತ್ತಿದ್ದನಂತೆ. ಕೆಲವು ತಿಂಗಳಾದ ಮೇಲೆ ಸುಮಾರು 2 ಕೋಟಿ 10 ಲಕ್ಷ ಡಾಲರುಗಳಿಗೆ ಬಹುಪಾಲನ್ನು ಕೊಂಡನು.

1936ನೆಯ ಡಿಸೆಂಬರ್ 22ರಂದು ಆತನು ಅಧ್ಯಕ್ಷ ರೂಸ್‌ವೆಲ್ಟನಿಗೆ ಪತ್ರ ಬರೆದು ತನ್ನ ಸಂಗ್ರಹವನ್ನೂ, ಅದಕ್ಕೊಂದು ಮಂದಿರವನ್ನು ಕಟ್ಟಿಸಿಕೊಡುವುದನ್ನೂ ರಾಷ್ಟ್ರಕ್ಕೆ ಅರ್ಪಿಸಿದನು. ತನ್ನ ಮೇಲೆ ವ್ಯಾಜ್ಯ ಹೂಡಿದ ಸರ್ಕಾರದ ಮುಖ್ಯಸ್ಥನಿಗೇ ಈ ಪತ್ರ. ಅಧ್ಯಕ್ಷನು ನಾಲ್ಕೇ ದಿನಗಳಲ್ಲಿ ಕೃತಜ್ಞತೆಯಿಂದ ಒಪ್ಪಿಕೊಂಡನು. ಷರತ್ತುಗಳು ಕೆಲವೇ. ಚಿತ್ರಶಾಲೆಯ ನಿರ್ವಹಣೆಯ ವೆಚ್ಚವನ್ನು ಸರ್ಕಾರವು ಹೊರಬೇಕು. ಮುಂದೆ ಸೇರುವ ಕೃತಿಗಳು ಮೊದಲಿನವುಗಳ ಯೋಗ್ಯತೆಗೆ ಕಡಮೆಯಾಗಿರಬಾರದು. ಆಡಳಿತವು ಒಂಬತ್ತು ಮಂದಿ ಧರ್ಮದರ್ಶಿಗಳದಾಗಿರಬೇಕು. ಆ ಒಂಬತ್ತರಲ್ಲಿ ಪದವಿಯ ಬಲದಿಂದ ಅರ್ಥಸಚಿವನಿಗೂ ಒಂದು ಸ್ಥಾನವಿದ್ದಿತು. ಎಂದರೆ, ಯಾವ ಇಲಾಖೆಯು ದಾನಿಯನ್ನು ವಂಚಕನೆಂದು ಕರೆದಿದ್ದಿತೋ ಅದರ ಮುಖ್ಯಸ್ಥನೇ ದಾನದ ಕಾವಲುಗಾರರಲ್ಲಿ ಒಬ್ಬನಾದನು.

ಎಲ್ಲಕ್ಕೂ ಮಿಗಿಲಾದ ಮಾತೆಂದರೆ, ಚಿತ್ರಶಾಲೆಗೆ ತನ್ನ ಹೆಸರನ್ನಿಡಕೂಡದೆಂದು ಆತನು ವಿಧಿಸಿದುದು. ಫ್ರಿಕ್ಕನು ನ್ಯೂಯಾರ್ಕಿನ ತನ್ನ ಭವನವನ್ನು ತನ್ನ ಹೆಸರಿನ ಸಂಗ್ರಹಾಲಯವಾಗಿ ಬಿಟ್ಟುಹೋದನು. ಗಾರ್ಡ್ನರ್ ಮಹಿಳೆಯು ತಾನಿಟ್ಟ ವಸ್ತುಗಳ ಏರ್ಪಾಡನ್ನು ಯಾರೂ ಬದಲಿಸಬಾರದೆಂದು ಮರಣಶಾಸನದಲ್ಲಿ ಕಟ್ಟುಮಾಡಿದಳು. ಮೆಲನ್ನನ ಯೋಚನೆಯು ಬೇರೆ. ಒಬ್ಬನ ಹೆಸರಿನ ಮನೆಗೆ ಇನ್ನೊಬ್ಬ ಧನಿಕನು ತನ್ನ ಸರ್ವಸ್ವವನ್ನು ತಂದು ಸುರಿಯಲಾರನು. ರಾಷ್ಟ್ರದ ಹೆಸರಿನ ಮನೆಗಾದರೆ ಬರುವನು. ಇದು ವೈರಾಗ್ಯವೆನ್ನುವುದಕ್ಕಿಂತ ಬ್ಯಾಂಕರನ ದೂರದೃಷ್ಟಿಯೆನ್ನುವುದೇ ಯುಕ್ತ. ದಾನದ ಹಿಂದೆ ತೆರಿಗೆಯ ಲಾಭವಿದ್ದಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ತೆರಿಗೆಯನ್ನು ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಐದು ಚಿತ್ರಗಳು ಸಾಕಾಗಿದ್ದವು. ಇಡೀ ಸಂಗ್ರಹವೂ, ಸುಮಾರು ಒಂದೂವರೆ ಕೋಟಿ ಡಾಲರುಗಳ ಮಂದಿರವೂ, ಹೆಸರಿನ ತ್ಯಾಗವೂ ಬೇಕಾಗಿರಲಿಲ್ಲ. ಗಣಿಗಾರನ ಕೂಲಿಯಿಂದ ಉಳಿದ ಹಣವು ಈ ದಾನದಿಂದ ಆ ಗಣಿಗಾರನಿಗೆ ಹಿಂದಿರುಗಲಿಲ್ಲವೆಂಬುದೂ ಅಷ್ಟೇ ನಿಜ.

ಶಾಸನಸಭೆಯ ಒಪ್ಪಿಗೆಯು 1937ನೆಯ ಮಾರ್ಚ್ 24ರಂದು ದೊರೆಯಿತು. ಅಂದಿಗೆ ಆತನಿಗೆ 82 ವರ್ಷ ತುಂಬಿತ್ತು. ಹಿಂದೆ ರೈಲುನಿಲ್ದಾಣವಿದ್ದ, 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡನು ಗುಂಡಿನೇಟು ತಿಂದ ಸ್ಥಳದಲ್ಲಿ ಅಡಿಪಾಯವನ್ನು ತೋಡಿದರು. ಜಾನ್ ರಸೆಲ್ ಪೋಪ್ ಎಂಬ ಶಿಲ್ಪಿಯು ರೋಮಿನ ಪ್ಯಾಂಥಿಯನ್ ದೇವಾಲಯವನ್ನು ಹೋಲುವ ಗುಮ್ಮಟದ, 750 ಅಡಿಗಳಿಗೂ ಹೆಚ್ಚು ಉದ್ದದ ಕಟ್ಟಡವನ್ನು ರೂಪಿಸಿದ್ದನು. ಆದರೆ ಆಗಸ್ಟ್ ತಿಂಗಳ ಕೊನೆಯಲ್ಲಿ ಮೆಲನ್ನನು ತೀರಿಕೊಂಡನು; ಒಂದು ದಿನ ಕಳೆಯುವುದರೊಳಗೆ ಪೋಪನೂ ಕಾಲವಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಮಂಡಳಿಯ ತೀರ್ಪು ಹೊರಬಿದ್ದಿತು. ಸ್ವಲ್ಪ ಬಾಕಿಯು ಉಂಟು, ವಂಚನೆಯು ಇಲ್ಲ ಎಂಬುದು ಅದರ ಸಾರಾಂಶ.

1941ನೆಯ ಮಾರ್ಚ್ 17ರ ಸಂಜೆ ರೂಸ್‌ವೆಲ್ಟನೇ ಚಿತ್ರಶಾಲೆಯನ್ನು ರಾಷ್ಟ್ರದ ಪರವಾಗಿ ಸ್ವೀಕರಿಸಿದನು. ಮೆಲನ್ನನು ಬಿಟ್ಟುಹೋದ ಸಂಗ್ರಹವು ಅಷ್ಟು ದೊಡ್ಡ ಕಟ್ಟಡದ ಕೆಲವು ಕೋಣೆಗಳಿಗೆ ಮಾತ್ರ ಸಾಲುವಷ್ಟಿದ್ದಿತು. ಉಳಿದ ಗೋಡೆಗಳನ್ನು ಬೇರೆಯವರಿಗಾಗಿ ಬರಿದಾಗಿ ಬಿಟ್ಟಿದ್ದನು. ಆತನ ಎಣಿಕೆಯು ಸುಳ್ಳಾಗಲಿಲ್ಲ. ಅಗ್ಗದ ಸರಕಿನ ಅಂಗಡಿಗಳಿಂದ ಶ್ರೀಮಂತನಾದ ಸ್ಯಾಮ್ಯುಯೆಲ್ ಕ್ರೆಸ್ ನ್ಯೂಯಾರ್ಕಿನಲ್ಲಿ ಸ್ವಂತ ಸಂಗ್ರಹಾಲಯವನ್ನು ಕಟ್ಟುವ ವಿಚಾರವನ್ನು ಕೈಬಿಟ್ಟು, ಮುನ್ನೂರಕ್ಕೂ ಹೆಚ್ಚು ಇಟಲಿಯ ಚಿತ್ರಗಳನ್ನು ಉದ್ಘಾಟನೆಗೆ ಮೊದಲೇ ಇಲ್ಲಿಗೆ ಕೊಟ್ಟನು. 1942ರಲ್ಲಿ ವೈಡನರ್ ಸಂಗ್ರಹವೂ ಬಂದಿತು. ಮಿತ್ರರು 1952ರಲ್ಲಿ ಮೆಲನ್ನನ ನೆನಪಿಗಾಗಿ ಒಂದು ನೀರಿನ ಕಾರಂಜಿಯನ್ನು ನಿರ್ಮಿಸಿದರು. ಅದಿರುವುದು ಚಿತ್ರಶಾಲೆಯ ಹೊರಗೆ, ಬೀದಿಯ ಆಚೆಗೆ.

ಮಕ್ಕಳೂ ತಂದೆಯ ಹಾದಿಯನ್ನು ಬಿಡಲಿಲ್ಲ. ಮಗನಾದ ಪಾಲ್ ಮೆಲನ್ ಅಕ್ಕನೊಡಗೂಡಿ ಒದಗಿಸಿದ ಧನದಿಂದ 1978ರಲ್ಲಿ ಚಿತ್ರಶಾಲೆಗೆ ಪೂರ್ವದ ಹೊಸ ಕಟ್ಟಡವು ಸೇರಿತು. ಅದಕ್ಕೂ ಮೊದಲು, 1967ರಲ್ಲಿ, ಲಿಖ್ಟನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ಅರಸನು ತನ್ನ ವಂಶದ ಸಂಗ್ರಹದಲ್ಲಿದ್ದ ಲಿಯನಾರ್ಡೋ ಡ ವಿಂಚಿಯ ಒಂದು ಚಿತ್ರವನ್ನು ಮಾರಾಟಕ್ಕೆ ತೆಗೆದನು. ಜಿನೇವ್ರಾ ಎಂಬ ಫ್ಲಾರೆನ್ಸಿನ ತರುಣಿಯ ಮುಖವದು. ಐಲ್ಸಾ ಮೆಲನ್ನಳ ಹೆಸರಿನ ನಿಧಿಯಿಂದ ಸುಮಾರು 50 ಲಕ್ಷ ಡಾಲರುಗಳನ್ನು ತೆತ್ತು ಅದನ್ನು ಕೊಂಡರು. ಯಾರಿಗೂ ಸುಳಿವು ಸಿಗದಂತೆ ಸಾಮಾನ್ಯ ಪ್ರಯಾಣಿಕರ ಕೈಪೆಟ್ಟಿಗೆಯೊಂದರಲ್ಲಿರಿಸಿ ವಿಮಾನದಲ್ಲಿ ಅಮೆರಿಕಕ್ಕೆ ತಂದರು. ಅಮೆರಿಕ ಖಂಡಗಳೆರಡರಲ್ಲಿಯೂ ಸಾರ್ವಜನಿಕರು ಕಾಣಬಹುದಾದ ಲಿಯನಾರ್ಡೋವಿನ ವರ್ಣಚಿತ್ರವು ಇಂದಿಗೂ ಅದೊಂದೇ.